ಐದು ಕಿಲೋ ಕಾಲ್ಗುಣ

ಕಾಲ ಮೇಲೆ ಕಾಲು ಹಾಕಿ ಕೂರುವುದು ಅಹಂಕಾರ, ಕಾಲು ಚಾಚಿ ಕೂರುವುದು ಸೋಮಾರಿತನ ಎಂದು ನಮ್ಮಮ್ಮ ಹೇಳುತ್ತಿದ್ದಳು. ಎರಡರಲ್ಲಿ ನನಗೆ ಎರಡನೆಯದೇ ಸಲೀಸು. ಅವತ್ತು ಅಕ್ಕನ ಮನೆಗೆ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಭಾವನ ಕೋಣೆ ಸೇರಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಸಿದವನು ಎರಡೂ ಪಾದಗಳನ್ನು ಅವರ ಮಂಚದ ಅಡ್ಡಪಟ್ಟಿಯ ಮೇಲೆ ಏರಿಸಿಕೊಂಡೆ. ಭಾವ ಕಣ್ಣು ಮುಚ್ಚಿ ಮಲಗಿದ್ದರು. ನನಗೂ ತೂಕಡಿಕೆ ಶುರುವಾಗುವುದರಲ್ಲಿತ್ತು.

ಲೋಟ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದ್ದ ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯ ಮೇಲಿತ್ತು. ಅದರಲ್ಲಿ ಕೆಂಪು ಅಂಕಿಗಳು ಹೊಳೆಯುತ್ತಿದ್ದವು.

"ಐವತ್ತೊಂದು!" ಎಂದಳು. ಲೋಟ ವಾಲಿ ಅರ್ಧ ಕಾಫಿ ನೆಲಕ್ಕೆ ಹೋಯಿತು. "ಲೋ, ಐವತ್ತೊಂದು ಕಣೋ! ಬೆಳಿಗ್ಗೆ ನಲವತ್ತಾರಿತ್ತು. ನೀನು ಬಂದ ಕಾಲ್ಗುಣ!"

ಅರ್ಧ ದಿನದಲ್ಲಿ ಐದು ಕಿಲೋ ಏರಲು ಮನುಷ್ಯನೇನು ನೀರಿನ ಟ್ಯಾಂಕೇ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಸೆಗೆ ಗಣಿತ ಬರುವುದಿಲ್ಲ. ನನ್ನ ಕಾಲ್ಗುಣವನ್ನು ಇದುವರೆಗೆ ಯಾರೂ ಹೊಗಳಿರಲಿಲ್ಲವಾದ್ದರಿಂದ ನಾನು ಪಾದಗಳನ್ನು ಇನ್ನಷ್ಟು ಗಟ್ಟಿಯಾಗಿ ಊರಿ ಮುಗುಳ್ನಕ್ಕೆ. ಅಂಕಿ ಐವತ್ತೆರಡಕ್ಕೆ ಏರಿತು. ಅಕ್ಕ ಆಗಲೇ ಫೋನು ಕಿವಿಗೆ ಹಚ್ಚಿ ಆಸ್ಪತ್ರೆಯವರಿಗೆ, "ಡಾಕ್ಟರಿಗೆ ಹೇಳಿ, ಐವತ್ತು ದಾಟ್ತು ಅಂತ ಹೇಳಿ" ಎನ್ನುತ್ತಿದ್ದಳು.

ಅಷ್ಟರಲ್ಲಿ ಕಾಲೇಜಿನಿಂದ ಬಂದ ಅವಳ ಮಗಳು ಚೀಲ ಹೆಗಲಲ್ಲಿರುವಂತೆಯೇ ಕೋಣೆಯೊಳಗೆ ಇಣುಕಿದಳು. ಗೋಡೆ ನೋಡಿದಳು. ಅಪ್ಪನನ್ನು ನೋಡಿದಳು. ಆಮೇಲೆ ನಿಧಾನವಾಗಿ ಮಂಚದ ಕೊನೆ ನೋಡಿದಳು.

"ಮಾಮಾ, ಕಾಲು ಇಳಿಸಿ."

ಇಳಿಸಿದೆ. ನಲವತ್ತಾರು.

ಅಕ್ಕ ಫೋನಿನಲ್ಲಿ, "ಇಲ್ಲಮ್ಮ... ಏನಿಲ್ಲ... ನಮ್ಮ ತಮ್ಮ ಬಂದಿದ್ದ, ಅಷ್ಟೆ" ಎಂದು ಇಟ್ಟಳು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣವೆನ್ನಿಸಿತು, ಆದರೆ ನಾವಿದ್ದದ್ದು ಮೂರನೇ ಮಹಡಿ. ಕೆಳಗಿನ ಮೂರು ಸಂಸಾರ ದಾಟಿ ಹೋಗಬೇಕಿತ್ತು.

ಭಾವ ಕಣ್ಣು ತೆರೆಯದೆ ಹೇಳಿದರು: "ಬರೀ ಕಾಲೇ ಐದು ಕಿಲೋ. ಪೂರ್ತಿ ಹತ್ತಿ ಕೂತಿದ್ರೆ ನಾಳೆನೇ ಆಪರೇಶನ್ ಆಗೋಗ್ತಿತ್ತು."

ಅವರ ಅನ್ನನಾಳದಲ್ಲಿ ಒಂದು ಗೆಡ್ಡೆ ಬೆಳೆದಿತ್ತು. ಅದನ್ನು ತೆಗೆಯಬಹುದು, ಆದರೆ ತೆಗೆಸಿಕೊಳ್ಳಲು ಮೈಯಲ್ಲಿ ಕಸುವು ಬೇಕು ಎಂದಿದ್ದರು ಡಾಕ್ಟರು. "ಐವತ್ತು ಕಿಲೋ ಆಗ್ಲಿ, ಕರ್ಕೊಂಡು ಬನ್ನಿ. ಅದಕ್ಕಿಂತ ಕಡಿಮೆ ಇದ್ರೆ ನಾನು ಮುಟ್ಟಲ್ಲ." ಗೆಡ್ಡೆ ಇರುವವರೆಗೆ ಊಟ ಇಳಿಯುವುದಿಲ್ಲ, ಊಟ ಇಳಿಯದೆ ತೂಕ ಏರುವುದಿಲ್ಲ, ತೂಕ ಏರದೆ ಗೆಡ್ಡೆ ತೆಗೆಯುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬಂತಾಗಿತ್ತು ನಮ್ಮ ಸ್ಥಿತಿ. ಅಕ್ಕ ಹಾಲು, ಮೊಟ್ಟೆ, ಡಬ್ಬಿಯ ಪುಡಿ ಕದಡಿದ ನೀರು ಎಂದು ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಉಳಿದವರೆಲ್ಲ ಕೈಚೆಲ್ಲಿ ಕೂತು ಆ ಕೆಂಪು ಅಂಕಿ ನೋಡುವುದು, ಇಷ್ಟೇ ಕೆಲಸ.

ಭಾವನ ವಿಷಯ ಹೇಳದಿದ್ದರೆ ಈ ಮಂಚದ ವಿಷಯ ಅರ್ಥವಾಗುವುದಿಲ್ಲ. ಅವರು ಒಂಬತ್ತು ಮಹಡಿಯ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಸೇರಿದಾಗ ಅದು ಜಾಲರಿ ಬಾಗಿಲಿನ, ಹಿತ್ತಾಳೆ ಹಿಡಿಯ ಲಿಫ್ಟು. ಆಮೇಲೆ ಗುಂಡಿ ಒತ್ತುವ ಹೊಸದು ಬಂತು. ಯಾರು ಬೇಕಾದರೂ ಒತ್ತಬಹುದಾದ ಗುಂಡಿಗೆ ಒಬ್ಬ ಆಳೇಕೆ ಎಂದು ಕೇಳುವುದಕ್ಕೆ ಮಾಲೀಕರಿಗೆ ಸಂಕೋಚವಾಯಿತು. ಭಾವ ತಮ್ಮ ಸ್ಟೂಲು ಸಮೇತ ಹೊಸ ಲಿಫ್ಟಿಗೆ ವರ್ಗವಾದರು. ಮುಖ ನೋಡಿಯೇ ಮಹಡಿ ಗುರುತಿಸಿ ಗುಂಡಿ ಒತ್ತುತ್ತಿದ್ದರು. ಕೆನ್ನೆ ಹಿಡಿದುಕೊಂಡು ಬಂದವರು ನಾಲ್ಕನೆಯ ಮಹಡಿಯ ಹಲ್ಲಿನ ಡಾಕ್ಟರಿಗೆ, ಕಡತ ಹಿಡಿದು ಬಂದವರು ಏಳನೆಯ ಮಹಡಿಯ ವಕೀಲರಿಗೆ. ಒಮ್ಮೆ ವಕೀಲರಿಗೇ ಹಲ್ಲುನೋವು ಬಂದು ಅವರನ್ನು ನಾಲ್ಕರಲ್ಲೇ ಇಳಿಸಿ, ಬೈಸಿಕೊಂಡದ್ದೂ ಉಂಟು.

ಇಡೀ ದಿನದಲ್ಲಿ ಅವರು ಆಡುತ್ತಿದ್ದದ್ದು ಎರಡೇ ಮಾತು. ಎಲ್ಲರೂ ಹತ್ತಿದ ಮೇಲೆ, "ಇನ್ಯಾರೂ ಇಲ್ಲ ತಾನೆ? ಬಾಗಿಲು ಹಾಕಬಹುದು" ಎಂದು ತಮಗೆ ತಾವೇ ಹೇಳಿಕೊಳ್ಳುವುದು. ಭಾರ ಹೆಚ್ಚಾಗಿ ಕೆಂಪು ದೀಪ ಹತ್ತಿ ಗಂಟೆ ಬಡಿದುಕೊಂಡರೆ, ಯಾರ ಮುಖವನ್ನೂ ನೋಡದೆ, "ಒಬ್ಬರು ಇಳೀಬೇಕು" ಎನ್ನುವುದು. ಯಾರು ಎಂದು ಹೇಳುತ್ತಿರಲಿಲ್ಲ. ಅದು ಮರ್ಯಾದೆಯ ಪ್ರಶ್ನೆ. ಒಂದು ಸಲ ನಾನೂ ಆ ಲಿಫ್ಟಿನಲ್ಲಿದ್ದೆ. ದೀಪ ಹತ್ತಿತು. ನಾನು ತಕ್ಷಣ ಮೇಲಿನ ಫ್ಯಾನಿನ ರೆಕ್ಕೆ ಎಣಿಸತೊಡಗಿದೆ. ಮೂಲೆಯಲ್ಲಿದ್ದ ಕಡ್ಡಿಯಂಥ ಟೈಪಿಸ್ಟ್ ಹೆಂಗಸು ಸೀರೆ ಸರಿಮಾಡಿಕೊಂಡು ಇಳಿದುಹೋದಳು. ಗಂಟೆ ನಿಲ್ಲಲಿಲ್ಲ.

ಸಂಜೆ ಮನೆಯಲ್ಲಿ ಭಾವ ಹೇಳಿದರು: "ಇಳಿಯೋದು ಯಾವಾಗ್ಲೂ ಸಣಕಲೇ ಕಣಯ್ಯ. ದಪ್ಪಗಿರೋರು ಸೀಲಿಂಗ್ ನೋಡ್ತಾರೆ."

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಇಂಥ ಭಾವನ ಸ್ವಂತ ಮನೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಿರಿದೆಂದರೆ ಇಬ್ಬರು ಎದುರಾದರೆ ಒಬ್ಬರಿಗೊಬ್ಬರು ನೆಂಟರಾಗಿಬಿಡಬೇಕು. ಕಾಯಿಲೆಯ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ, ಆಸ್ಪತ್ರೆಯಲ್ಲಿ ತೂಗಿಸಿ, ಮತ್ತೆ ಹತ್ತಿಸುವಷ್ಟರಲ್ಲಿ ಇದ್ದ ತೂಕವೂ ಬೆವರಾಗಿ ಹೋಗುತ್ತಿತ್ತು. ಮನೆಯಲ್ಲೇ ತೂಗೋಣವೆಂದರೆ ಅವರಿಗೆ ನಿಂತರೆ ತಲೆ ಸುತ್ತು. ಅಕ್ಕ ಒಂದು ತೂಕದ ಯಂತ್ರ ತಂದು ಅದರ ಮೇಲೆ ನಿಲ್ಲಿಸಿದ್ದಳು. ಅವರು ಬೀಳದಂತೆ ಬಾಗಿಲು ಹಿಡಿದುಕೊಂಡರು, ಅವರನ್ನು ಅಕ್ಕ ಹಿಡಿದುಕೊಂಡಳು. ಬಂದ ಅಂಕಿಯಲ್ಲಿ ಗಂಡನದೆಷ್ಟು, ಹೆಂಡತಿಯದೆಷ್ಟು, ಬಾಗಿಲಿನದೆಷ್ಟು ಎಂದು ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ.

ಆಗ ಮುಂದೆ ಬಂದವಳು ಮಗಳು. ಇಂಜಿನಿಯರಿಂಗ್ ಕೊನೆಯ ವರ್ಷ. ಹುಟ್ಟಿದಾಗ ಪುಟ್ಟದಾಗಿ, ಮೈಯೆಲ್ಲ ಕೆಂಪಗೆ, ನೆತ್ತಿ ಮಾತ್ರ ಕಪ್ಪಗೆ ಇದ್ದಳೆಂದು ಭಾವ ಇಟ್ಟ ಹೆಸರು ಗುಲಗಂಜಿ. ಅಕ್ಕಸಾಲಿಗರು ಚಿನ್ನ ತೂಗಲು ಇಡುತ್ತಿದ್ದ ಬೀಜದ ಹೆಸರು ಹೊತ್ತವಳು ಕಾಲೇಜಿನ ಪ್ರಾಜೆಕ್ಟಿಗೆ ತೂಕದ ಯಂತ್ರವನ್ನೇ ಆರಿಸಿಕೊಂಡದ್ದು ಕಾಕತಾಳೀಯ. ಮೊದಲು ತರಕಾರಿ ತೂಗುವ ಸಣ್ಣ ಯಂತ್ರ ಮಾಡುವವಳಿದ್ದಳು. ಅಳೆದೂ ಸುರಿದೂ ಕೊನೆಗೆ, "ತರಕಾರಿ ಯಾಕೆ, ಅಪ್ಪನ್ನೇ ತೂಗ್ತೀನಿ" ಎಂದಳು. ಮಂಚದ ನಾಲ್ಕು ಕಾಲುಗಳ ಕೆಳಗೆ ನಾಲ್ಕು ಲೋಡ್ ಸೆಲ್. ಮಲಗಿದವರು ಮಲಗಿದ ಹಾಗೇ ತೂಕ.

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ಅವಳದಲ್ಲ. ಲೋಡ್ ಸೆಲ್ ಎಂದರೆ ಬೆರಳುದ್ದದ ಒಂದು ಲೋಹದ ತುಂಡು. ಭಾರ ಬಿದ್ದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದು ಬಾಗಿದ್ದನ್ನು ಅದರ ಮೈಗೆ ಅಂಟಿಸಿದ ಎಳೆ ತಂತಿ ವಿದ್ಯುತ್ತಾಗಿ ಪಿಸುಗುಟ್ಟುತ್ತದೆ. ಆ ಪಿಸುಮಾತನ್ನು ಒಂದು ಚಿಪ್ ದೊಡ್ಡ ದನಿಯಾಗಿಸಿ ಮೈಕ್ರೋಕಂಟ್ರೋಲರಿನ ಕಿವಿಗೆ ಹಾಕುತ್ತದೆ. ಈ ಮೈಕ್ರೋಕಂಟ್ರೋಲರ್ ನೋಡಲು ಮೈ ತುಂಬ ಕಾಲಿರುವ ಕರಿಯ ಹುಳ. ಗುಲಗಂಜಿ ಬರೆದುಕೊಟ್ಟ ಲೆಕ್ಕ ಮಾಡಿ ಗೋಡೆಯ ಮೇಲೆ ಅಂಕಿ ತೋರಿಸುವುದು ಅದರ ಕೆಲಸ. ಮಂಚ, ಹಾಸಿಗೆ, ದಿಂಬಿನ ಭಾರವನ್ನು ಮೊದಲೇ ಸೊನ್ನೆ ಎಂದು ಅದಕ್ಕೆ ಹೇಳಿಬಿಡಬೇಕು. ಉಳಿದದ್ದೇ ಮನುಷ್ಯ.

ಯಂತ್ರಕ್ಕೆ ಲೆಕ್ಕ ಕಲಿಸಲು ತೂಕ ಗೊತ್ತಿರುವ ಒಂದು ವಸ್ತು ಬೇಕಾಯಿತು. ಕೈಗೆ ಸಿಕ್ಕಿದವನು ನಾನು. "ಮಾಮಾ, ನಿಮ್ಮ ತೂಕ ಎಷ್ಟು?" ಎಂದಳು. ನಾನು ಮದುವೆಯಾದ ವರ್ಷದ ತೂಕ ಹೇಳಿದೆ. ಮಂಚದ ಮೇಲೆ ಮಲಗಿಸಿ ಅದನ್ನೇ ಯಂತ್ರಕ್ಕೆ ನಂಬಿಸಿದಳು. ಆಮೇಲೆ ಅಕ್ಕ ಹತ್ತಿದರೆ ಅವಳು ಕಾಲೇಜು ಹುಡುಗಿಯಷ್ಟು ತೂಗಿದಳು. ಕನ್ನಡಿ ನೋಡಿಕೊಂಡು ಬಂದಳು. ಭಾವನನ್ನು ಮಲಗಿಸಿದಾಗ ಮೂವತ್ತೆಂಟು ಬಂತು. ಗುಲಗಂಜಿ ನನ್ನ ಹೊಟ್ಟೆಯನ್ನೇ ನೋಡುತ್ತ, "ಮಾಮಾ, ನಿಜ ಹೇಳಿ" ಎಂದಳು. ಕೊನೆಗೆ ನನ್ನನ್ನು ಬಿಟ್ಟು ನೀರಿನ ಕ್ಯಾನುಗಳನ್ನು ನಂಬಿದಳು. ನೀರು ತನ್ನ ತೂಕದ ಬಗ್ಗೆ ಸುಳ್ಳು ಹೇಳುವುದಿಲ್ಲ. ಆಗ ಬಂದದ್ದು ನಲವತ್ತಾರು.

ದಿನಾ ಬೆಳಿಗ್ಗೆ ತೂಗುವ ಶಾಸ್ತ್ರ. ದಿಂಬಿನ ಪಕ್ಕದ ಕನ್ನಡಕ, ಬಿಸಿನೀರಿನ ಚೀಲ, ಪೇಪರು ಎಲ್ಲ ಎತ್ತಿಟ್ಟು ಗುಲಗಂಜಿ ಕೇಳುತ್ತಿದ್ದಳು: "ಅಪ್ಪಾ, ಮಂಚದ ಮೇಲೆ ಬೇರೇನೂ ಇಲ್ಲ ತಾನೆ?" ಭಾವ ಇಲ್ಲವೆಂದು ಕತ್ತಾಡಿಸುತ್ತಿದ್ದರು.

ಆದರೆ ಅಂಕಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಫ್ಯಾನು ಹಾಕಿದರೆ ಒಂದಿಷ್ಟು, ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು, ಕೆಳಗೆ ಲಾರಿ ಹೋದರೆ ಒಂದಿಷ್ಟು ಕುಣಿಯುತ್ತಿತ್ತು. ನೂರು ಗ್ರಾಂ ಏರಿದರೆ ಅಕ್ಕ ಹಾಡು ಗುನುಗುತ್ತಿದ್ದಳು. ನೂರು ಗ್ರಾಂ ಇಳಿದರೆ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಅದರ ಮೇಲೆ ನನ್ನ ಕಾಲ್ಗುಣದ ಪ್ರಕರಣ. ಅವತ್ತು ಫೋನಿಟ್ಟ ಅಕ್ಕ ಸಂಜೆಯವರೆಗೂ ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆದಳು. ಕಾಲೇಜಿನ ಮೇಷ್ಟ್ರೂ ಗುಲಗಂಜಿಗೆ ಹೇಳಿದ್ದರಂತೆ: "ಪರೀಕ್ಷೆಗೆ ಬರೋರ ಮುಂದೆ ನಂಬರ್ ಕುಣೀಬಾರದು ಕಣಮ್ಮ. ನಿಂತ್ಕೋಬೇಕು." ಅವಳು ತನ್ನ ಲೆಕ್ಕಕ್ಕೆ ಒಂದು ಸಾಲು ಸೇರಿಸಿದಳು. ಕಾಲು ಕಿಲೋಗಿಂತ ಕಡಿಮೆ ಏನೇ ಏರಿಳಿದರೂ ಅದು ಬಿಸಿಲಿನ ಆಟ, ಗಾಳಿಯ ಆಟ; ಅದನ್ನು ಸೊನ್ನೆಯೊಳಗೆ ಸೇರಿಸಿಕೊಂಡು ಸುಮ್ಮನಿರು.

ಅಲ್ಲಿಗೆ ಮನೆ ತಣ್ಣಗಾಯಿತು. ನಲವತ್ತಾರು ಎಂದರೆ ನಲವತ್ತಾರು. ನಿನ್ನೆಯೂ, ಇವತ್ತೂ, ಮುಂದಿನ ವಾರವೂ. "ಏರದಿದ್ರೆ ಬೇಡ, ಇಳೀಲಿಲ್ವಲ್ಲ. ಇಳಿಯೋದು ನಿಂತಿದೆ ಅಂದ್ರೆ ಏರೋದು ಶುರುವಾಗುತ್ತೆ" ಎಂದಳು ಅಕ್ಕ. ನಮಗೆಲ್ಲ ಅದು ಬಹಳ ತೂಕದ ಮಾತಾಗಿ ಕಂಡಿತು. ಭಾವನ ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣದಾದಂತೆ ನನಗೆ ಒಮ್ಮೊಮ್ಮೆ ಕಂಡದ್ದುಂಟು. ಯಂತ್ರವೇ ಹೇಳುತ್ತಿರುವಾಗ ಕಣ್ಣನ್ನು ಯಾರು ನಂಬುತ್ತಾರೆ? ಅಂಗಿ ಹಿಗ್ಗಿರಬೇಕು ಎಂದುಕೊಂಡೆ.

ನಾನು ಒಂದು ವಾರಪತ್ರಿಕೆಗೆ ನಗೆಬರಹ ಬರೆಯುವವನು. "ನಿಮ್ಮ ಬರಹದಲ್ಲಿ ಇನ್ನೂ ಸ್ವಲ್ಪ ತೂಕ ಇರ್ಲಿ" ಎಂದು ಸಂಪಾದಕರು ಹೇಳುತ್ತಲೇ ಇರುತ್ತಾರೆ. ಹೋದಾಗಲೆಲ್ಲ ಒಂದು ಸಂಚಿಕೆ ಭಾವನಿಗೆ ಕೊಡುತ್ತಿದ್ದೆ. ಹಳೆಯವು ಅವರ ತಲೆಯ ಬಳಿಯ ಗೂಡಿನಲ್ಲಿ ಅಟ್ಟಿಯಾಗಿದ್ದವು. "ಓದಿದ್ರಾ?" ಎಂದರೆ, "ಇಟ್ಟು ಹೋಗು" ಎನ್ನುತ್ತಿದ್ದರು. ಅಟ್ಟಿ ತಗ್ಗುತ್ತಿದ್ದುದನ್ನು ಕಂಡು ಓದಿ ಯಾರಿಗೋ ಕೊಡುತ್ತಿದ್ದಾರೆಂದು ಒಳಗೊಳಗೇ ಬೀಗಿದ್ದೆ.

ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಲೋಡ್ ಸೆಲ್‌ಗಳನ್ನು ಮಂಚದ ಕೆಳಗಿನಿಂದ ಬಿಚ್ಚಿ ಕಾಲೇಜಿಗೆ ಒಯ್ಯಬೇಕಿತ್ತು. ಮಧ್ಯಾಹ್ನವೇ ನನ್ನನ್ನು ಕರೆಸಿದರು. ಭಾವನನ್ನು ಎತ್ತಿ ಬೆತ್ತದ ಕುರ್ಚಿಯಲ್ಲಿ ಕೂರಿಸಬೇಕು. ನಾನು ಪಂಚೆ ಬಿಗಿದು, ಸೊಂಟ ಹಿಡಿದೀತೆಂದು ಮೊದಲೇ ನರಳಿ, ಅವರ ಬೆನ್ನ ಕೆಳಗೊಂದು, ಮಂಡಿಯ ಕೆಳಗೊಂದು ಕೈ ಹಾಕಿ ಎತ್ತಿದೆ.

ನಾನು ಹಾಕಿದ ಜೋರಿಗೆ ಇಬ್ಬರೂ ಹಿಂದಕ್ಕೆ ವಾಲಿದೆವು. "ಪರವಾಗಿಲ್ವೇ, ನನಗಿನ್ನೂ ಕಸುವಿದೆ!" ಎಂದೆ.

ಭಾವ ನನ್ನ ಹೆಗಲ ಮೇಲಿಂದ ಕಿಟಕಿ ನೋಡುತ್ತಿದ್ದರು.

ಕುರ್ಚಿಯಲ್ಲಿ ಕೂರಿಸಿ ತಿರುಗುವಷ್ಟರಲ್ಲಿ ಬಾಗಿಲಲ್ಲಿದ್ದ ಅಕ್ಕ ರೇಗಿದಳು: "ಲೋ, ನಿನಗೆಷ್ಟು ಸಲ ಹೇಳೋದು? ಕಾಲು ತೆಗಿ ಮಂಚದ ಮೇಲಿಂದ!"

ಗೋಡೆಯ ಪೆಟ್ಟಿಗೆ ಐದು ಎಂದು ತೋರಿಸುತ್ತಿತ್ತು. ಖಾಲಿ ಮಂಚ. ಐದು ಕಿಲೋ.

ನಾನು ಕೆಳಗೆ ನೋಡಿಕೊಂಡೆ. ನನ್ನ ಎರಡೂ ಕಾಲು ನೆಲದ ಮೇಲಿದ್ದವು.

ಗುಲಗಂಜಿ ಮಂಚದ ಬಳಿ ಬಂದಳು. ಹಾಸಿಗೆಯನ್ನು ಗೋಡೆಯ ಕಡೆಯಿಂದ ಎತ್ತಿದಳು. ಕೆಳಗೆ, ಒಂದರ ಪಕ್ಕ ಒಂದು ಚಪ್ಪಟೆಯಾಗಿ, ನನ್ನ ವಾರಪತ್ರಿಕೆಗಳು.

"ಅಪ್ಪಾ, ಇದೇನು?"

ಸಿಕ್ಕಿಬಿದ್ದ ಶಾಲೆಯ ಹುಡುಗನಂತೆ ಭಾವ ಉಗುರು ನೋಡಿಕೊಂಡರು. "ನಿಮ್ಮಮ್ಮ ದಿನಾ ಬಾಗಿಲಲ್ಲಿ ನಿಂತು ನೋಡ್ತಾಳೆ. ಸ್ವಲ್ಪ ಏರ್ಲಿ ಅಂತ ಒಂದೊಂದೇ ತಳ್ತಿದ್ದೆ. ಎಷ್ಟು ತಳ್ಳಿದ್ರೂ ಏರ್ಲಿಲ್ಲ." ನನ್ನ ಕಡೆ ಗಲ್ಲ ತೋರಿಸಿದರು. "ಇವನ ಬರಹದಲ್ಲಿ ತೂಕ ಇಲ್ವೇನೋ ಅಂತ ಸುಮ್ನಾದೆ."

ಒಂದೊಂದು ಸಂಚಿಕೆಯೂ ಕಾಲು ಕಿಲೋಗಿಂತ ಕಡಿಮೆ. ಯಂತ್ರ ಪ್ರತಿಯೊಂದನ್ನೂ ಬಿಸಿಲಿನ ಆಟವೆಂದು ಸೊನ್ನೆಗೆ ಸೇರಿಸಿಕೊಂಡಿತ್ತು. ನನ್ನ ಸಂಪಾದಕರ ಅಭಿಪ್ರಾಯಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಂತಾಯಿತು. ನಗಬೇಕೆಂದುಕೊಂಡೆ. ಗುಲಗಂಜಿಯ ಮುಖ ನೋಡಿ ಬಾಯಿ ಮುಚ್ಚಿದೆ.

ಅವಳು ಪತ್ರಿಕೆಗಳನ್ನು ಒಟ್ಟಿಗೇ ಎತ್ತಿ ನೆಲಕ್ಕಿಟ್ಟಳು. ಐದು ಇದ್ದದ್ದು ಮೂರಾಯಿತು. ಆ ಮೂರನ್ನು ತೆಗೆಯಲು ಮಂಚದ ಮೇಲೆ ಇನ್ನೇನೂ ಇರಲಿಲ್ಲ.

"ಇನ್ನೂ ಏನೋ ಇದೆ ನೋಡೆ. ದಿಂಬಿನ ಕೆಳಗೆ ನೋಡು" ಎಂದಳು ಅಕ್ಕ.

"ಏನೂ ಇಲ್ಲಮ್ಮ." ಗುಲಗಂಜಿ ಮಂಚದ ಪಟ್ಟಿಯ ಮೇಲೆ ಕೂರಲು ಹೋಗಿ, ನೆನಪಾಗಿ, ನೆಲದ ಮೇಲೆ ಕೂತಳು. "ಸ್ವಲ್ಪಸ್ವಲ್ಪ ಆಗೋದೆಲ್ಲ ಸುಳ್ಳು ಅಂತ ನಾನೇ ಬರ್ದಿದ್ದೆ ಮಾಮಾ. ಅಪ್ಪ ಸ್ವಲ್ಪಸ್ವಲ್ಪವೇ ಇಳಿದ್ರು. ಅದನ್ನೂ ಸುಳ್ಳು ಅಂದ್ಕೊಂಡಿದೆ. ಅವರು ಇಳಿದ ಹಾಗೆಲ್ಲ ಸೊನ್ನೆನೂ ಜೊತೆಗೆ ಇಳಿಸ್ಕೊಂಡು, ನಲವತ್ತಾರು, ನಲವತ್ತಾರು ಅಂತ ಹೇಳ್ಕೊಂಡು ಬಂದಿದೆ. ನಡುವೆ ಪತ್ರಿಕೆಗಳು ಆ ಸೊನ್ನೆನ ಎರಡು ಕಿಲೋ ಮೇಲೆತ್ತಿದ್ದಕ್ಕೇ ಈಗ ಮೂರು ಅಂತಿದೆ; ನಿಜವಾದ ಲೆಕ್ಕ ಮೊದಲು ತೋರಿಸಿದ ಐದೇ."

"ಹಾಗಂದ್ರೆ?" ಎಂದಳು ಅಕ್ಕ.

ನಲವತ್ತಾರರಲ್ಲಿ ಐದು ಕಳೆಯುವುದು ಮೂರನೇ ಕ್ಲಾಸಿನ ಲೆಕ್ಕ. ಆ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಯಾರೂ ಮಾಡಲಿಲ್ಲ. ನಾನು ಮೇಲೆ ನೋಡಿದೆ. ಅಲ್ಲೂ ಒಂದು ಫ್ಯಾನಿತ್ತು. ಮೂರು ರೆಕ್ಕೆ.

ಇಷ್ಟು ವರ್ಷ ಮಾತನ್ನೇ ಮಾರಿ ಬದುಕಿದವನಿಗೆ ಒಂದು ಒಳ್ಳೆಯ ಮಾತು, ಕೊನೆಗೆ ಒಂದು ಕೆಟ್ಟ ಜೋಕಾದರೂ ಹೊಳೆಯಬಾರದೇ? ನೆಲದ ಮೇಲಿದ್ದ ಪತ್ರಿಕೆಗಳನ್ನು ಎತ್ತಿ, ತಟ್ಟಿ, ಅಂಚು ಸಮ ಮಾಡಿದೆ. ಗೂಡಿನಲ್ಲಿಟ್ಟೆ. ಮತ್ತೆ ತೆಗೆದು ಇನ್ನೊಮ್ಮೆ ಸಮ ಮಾಡಿದೆ.

ಗುಲಗಂಜಿ ಲ್ಯಾಪ್‌ಟಾಪ್ ತೆರೆದಳು. ಆ ಸಾಲು ಅಳಿಸಿದಳು. ಖಾಲಿ ಮಂಚವನ್ನು ಮತ್ತೆ ಸೊನ್ನೆ ಮಾಡಿದಳು. ಗೋಡೆಯ ಅಂಕಿ ಸೊನ್ನೆಯ ಆಚೆ ಈಚೆ ಮತ್ತೆ ಕುಣಿಯತೊಡಗಿತು.

"ನಾಳೆ ಮೇಷ್ಟ್ರು ಬಯ್ಯಲ್ವಾ, ಕುಣಿದ್ರೆ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಕುಣೀಲಿ. ಬಿಚ್ಚೋಕೆ ಮುಂಚೆ ಒಂದು ಸಲ ಸರಿಯಾಗಿ ನೋಡ್ಬಿಡೋಣ. ಅಪ್ಪನ್ನ ಮಲಗ್ಸಿ."

"ಬೇಡ," ಎಂದಳು ಅಕ್ಕ. "ಬೇಡ ಕಣೆ. ನಲವತ್ತಾರೇ ಇರ್ಲಿ ಬಿಡು. ಅದೇನು ಯಾರಿಗೆ ಭಾರ?"

ಕೊನೆಗೆ ಭಾವನೇ ಕೈ ಎತ್ತಿ ನನ್ನನ್ನು ಹತ್ತಿರ ಕರೆದರು. "ಎತ್ತಯ್ಯ. ಪಾಪ, ಓದೋ ಹುಡುಗಿ. ಅವಳ ಕೆಲಸ ಅವಳು ಮಾಡ್ಲಿ." ಮಗಳ ಕಡೆ ತಿರುಗಿ, "ಚಿಕ್ಕೋಳಿದ್ದಾಗ ನಿನ್ನ ನಾನು ತೂಗ್ತಿರ್ಲಿಲ್ವಾ, ತೊಟ್ಟಿಲಲ್ಲಿ? ಈಗ ನೀನು ತೂಗು" ಎಂದರು.

ಈ ಸಲ ನಾನು ಜೋರು ಹಾಕಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೆಲ್ಲಗೆ ಎತ್ತಿ ಮಲಗಿಸಿ, ಹಿಂದೆ ಸರಿದು, ಕೈಕಾಲು ಯಾವುದೂ ಎಲ್ಲಿಗೂ ತಾಗದಂತೆ ಗೋಡೆಗೆ ಒತ್ತಿಕೊಂಡು ನಿಂತೆ. ಗುಲಗಂಜಿ ದಿಂಬಿನ ಪಕ್ಕ ಕೈಯಾಡಿಸಿ ನೋಡಿದಳು: ಕನ್ನಡಕ ಇಲ್ಲ, ಪೇಪರು ಇಲ್ಲ, ಬಿಸಿನೀರಿನ ಚೀಲ ಇಲ್ಲ. ಫ್ಯಾನು ಆರಿಸಿದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೋಡುವುದೋ ಬೇಡವೋ ಎಂದು ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ.

"ಅಪ್ಪಾ," ಎಂದಳು ಗುಲಗಂಜಿ, ದಿನಾ ಕೇಳುವ ಹಾಗೆಯೇ. "ಮಂಚದ ಮೇಲೆ ಬೇರೇನೂ ಇಲ್ಲ ತಾನೆ?"

ಭಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇಲ್ಲ. ನಾನೊಬ್ಬನೇ. ಬಾಗಿಲು ಹಾಕಬಹುದು."